ಅಕ್ಕನ ಕಾಲಿಗೆ ಎರಡು ಸರ್ಕಾರ

ಒಂದು ಮಾತು ಕೇಳಿದರೆ ತಪ್ಪೇನು, ಬಾಯಿ ಸವೆಯುತ್ತದೆಯೇ ಎಂದು ಕೆಲವರು ಹೇಳುವುದುಂಟು. ಅಂಥವರು ನಮ್ಮ ಭಾವನ ಜೊತೆ ಒಂದು ವಾರ ಸಂಸಾರ ಮಾಡಿ ನೋಡಬೇಕು. ನನ್ನ ಅಕ್ಕ ಮದುವೆಯಾದಂದಿನಿಂದ ಮಾಡುತ್ತಿದ್ದಾಳೆ. ಅವಳ ತಾಳ್ಮೆಯ ಬಗ್ಗೆ ನನಗೆ ಗೌರವವಿದೆ. ಭಾವನ ಬಗ್ಗೆಯೂ ಇದೆ, ಆದರೆ ಅದನ್ನು ನಾನು ಸುಮ್ಮನೆ ಹೊರಗೆ ತೆಗೆಯುವುದಿಲ್ಲ.

ಮೊದಲು ನಮ್ಮ ಬೀದಿಯ ವಿಚಾರ ಹೇಳಬೇಕು. ಈಚೆ ಸಾಲಿನ ಮನೆಗಳು ಒಂದು ರಾಜ್ಯಕ್ಕೆ ಸೇರಿದವು, ಆಚೆ ಸಾಲಿನವು ಇನ್ನೊಂದು ರಾಜ್ಯಕ್ಕೆ. ಯಾವ ಪುಣ್ಯಾತ್ಮ ನಕ್ಷೆಯ ಮೇಲೆ ಪಟ್ಟಿ ಇಟ್ಟು ಗೆರೆ ಎಳೆದನೋ, ಬೀದಿಯ ನಟ್ಟನಡುವೆ ಎಳೆದುಬಿಟ್ಟಿದ್ದ. ಅದರಿಂದ ನಮಗೆ ಅಂಥ ತೊಂದರೆ ಏನೂ ಇರಲಿಲ್ಲ. ಈಚೆಯ ಸರ್ಕಾರ ಶಾಲೆಗೆ ರಜೆ ಕೊಟ್ಟ ದಿನ ಆಚೆಯ ಮಕ್ಕಳು ಅಳುತ್ತಾ ಶಾಲೆಗೆ ಹೋಗುತ್ತಿದ್ದವು. ಆಚೆ ಕರೆಂಟು ಹೋದರೆ ಅವರು ನಮ್ಮಲ್ಲಿಗೆ ಬಂದು ಕೂರುತ್ತಿದ್ದರು, ಈಚೆ ಹೋದರೆ ನಾವು ಅಲ್ಲಿಗೆ. ತರಕಾರಿ ಗಾಡಿಯವನು ಬೀದಿಯ ಮಧ್ಯೆ ನಿಂತು ಎರಡು ರಾಜ್ಯಕ್ಕೂ ಒಂದೇ ತಕ್ಕಡಿಯಲ್ಲಿ ತೂಗಿಕೊಡುತ್ತಿದ್ದ. ಹೀಗೆ ಗೆರೆ ತನ್ನ ಪಾಡಿಗೆ ತಾನಿತ್ತು, ನಾವು ನಮ್ಮ ಪಾಡಿಗೆ ಇದ್ದೆವು.

ಆ ಗೆರೆಯನ್ನು ಒಂದು ದಿನವೂ ಮರೆಯದೆ ಇದ್ದವರು ನಮ್ಮ ಭಾವ ಒಬ್ಬರೇ. ಅವರು ಈ ರಾಜ್ಯದಿಂದ ಆ ರಾಜ್ಯಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಗಡಿ ಬಂದ ಕೂಡಲೇ ಬಸ್ಸು ನಿಲ್ಲಿಸಿ, ಒಬ್ಬೊಬ್ಬರ ಟಿಕೆಟ್ಟನ್ನೂ ನೋಡಿ, ಈಚೆವರೆಗೆ ಮಾತ್ರ ಟಿಕೆಟ್ ತೆಗೆದವರನ್ನು ಅಲ್ಲೇ ಇಳಿಸುವುದು ಅವರ ವ್ರತ. ಒಮ್ಮೆ ನಮ್ಮ ಅಪ್ಪ, ಅಂದರೆ ಹೆಣ್ಣು ಕೊಟ್ಟ ಮಾವ, ಆ ಬಸ್ಸಿನಲ್ಲಿ ನಿದ್ದೆ ಹೋಗಿದ್ದರು. ಅವರನ್ನೂ ಎಬ್ಬಿಸಿ, ಇಳಿಸಿ, ಬಸ್ಸಿನ ಬಾಗಿಲಿನಿಂದಲೇ ಕೈ ಮುಗಿದು ಭಾವ ಮುಂದೆ ಹೋದರು. ಆಮೇಲೆ ಎಷ್ಟೋ ಕಾಲ ಅಪ್ಪನ ಬಾಯಲ್ಲಿ ಅಳಿಯ ಎಂಬ ಶಬ್ದ ಬರಲಿಲ್ಲ, ಕಂಡಕ್ಟರ್ ಎಂದೇ ಹೇಳುತ್ತಿದ್ದರು. ಬೀದಿಯವರು ಭಾವನಿಗೆ ಇಟ್ಟ ಹೆಸರು ಚೆಕ್‌ಪೋಸ್ಟ್. ನಿವೃತ್ತಿಯಾದ ಮೇಲೂ ಆ ಹೆಸರು ನಿವೃತ್ತಿಯಾಗಲಿಲ್ಲ.

ಇಂಥ ಮನೆಯಲ್ಲಿ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಮೂಳೆ ಕೂರಿಸುವುದು ನನ್ನ ಕೆಲಸ, ನಡೆಯುವುದು ಇವರ ಕೆಲಸ, ಈ ಕೆಲವು ತಿಂಗಳಲ್ಲಿ ನಡೆಯದೆ ಹೋದರೆ ಮುಂದೆ ನಡೆಯುವ ಆಸೆ ಬಿಡಬೇಕು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿ ಕಳಿಸಿದರು. ಅಕ್ಕ ಮನೆಗೆ ಬಂದವಳು ಮುಂದಿನ ಕೋಣೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಬೀದಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಓಡುತ್ತಿದ್ದ ಹೆಂಗಸು ಅವಳು. ಈಗ ಕಾಲು ನೆಲಕ್ಕೆ ಇಡು ಎಂದರೆ ಹೆದರಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನನ್ನದು ಮುಗಿಯಿತು ಕಣೋ ಎಂದು ನನ್ನ ಹತ್ತಿರ ಒಮ್ಮೆ ಹೇಳಿದಳು.

ಅವಳನ್ನು ಗೋಡೆಯಿಂದ ಈಚೆ ತಿರುಗಿಸಿದ್ದು ಎದುರು ಮನೆಯ ಸೊಸೆ. ಆ ಹುಡುಗಿ ಆಚೆ ರಾಜ್ಯದ ಆಸ್ಪತ್ರೆಯಲ್ಲಿ ಫಿಸಿಯೋ. ಒಂದು ಸಂಜೆ ಸುಮ್ಮನೆ ನೋಡಿಹೋಗಲು ಬಂದವಳು ಹೊದಿಕೆ ಸರಿಸಿ ಕೇಳಿದಳು.

"ಆಂಟಿ, ಈ ಕಾಲು ಯಾರದ್ದು?"

"ನಂದೇ ಕಣಮ್ಮ."

"ಮತ್ತೆ ಯಾಕೆ ಪಕ್ಕದ ಮನೆ ಪಾತ್ರೆ ಥರ ಮುಟ್ಟದೆ ಇಟ್ಟಿದ್ದೀರಿ?"

ಅಂದಿನಿಂದ ಅವಳು ಕೆಲಸ ಮುಗಿಸಿ ದಿನಾ ಬರತೊಡಗಿದಳು. ಅವಳ ಚಿಕಿತ್ಸೆಯ ಗುಟ್ಟು ನನಗೆ ಬೇಗ ತಿಳಿಯಿತು. ಮೊಣಕಾಲು ಮಡಿಸುವಾಗ ತನ್ನ ಅತ್ತೆಯ ಮೇಲೆ ಒಂದೊಂದೇ ದೂರು ಬಿಚ್ಚುತ್ತಿದ್ದಳು. ಪರರ ಮನೆಯ ಅತ್ತೆಯ ವಿಚಾರದಲ್ಲಿ ಅಕ್ಕನಿಗಿದ್ದ ಆಸಕ್ತಿ ನೋವಿಗಿಂತ ದೊಡ್ಡದು. ಆಮೇಲೇನಾಯ್ತು ಎಂದು ಕೇಳುವ ಭರದಲ್ಲಿ ಕಿರುಚಲು ಮರೆಯುತ್ತಿದ್ದಳು. ಅತ್ತೆ ಬೀರುವಿನ ಬೀಗದಕೈ ಬಚ್ಚಿಟ್ಟ ಭಾಗ ಬಂದ ದಿನ ಅಕ್ಕ ತಾನಾಗಿ ವಾಕರ್ ಹಿಡಿದು ಎದ್ದು ನಿಂತಳು. ಭಾವ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋಗಿ ಎರಡು ಸಲ ಮುಖ ತೊಳೆದುಕೊಂಡು ಬಂದರು.

ಕಥೆ ಇಲ್ಲಿಗೆ ಮುಗಿದು ಎಲ್ಲರೂ ಸುಖವಾಗಿ ಇರಬಹುದಿತ್ತು. ಆದರೆ ಭಾವನಿಗೆ ಸಂತೋಷವಾದರೆ ಅದನ್ನು ನಾಲ್ಕು ಜನರ ಮುಂದೆ ಹರಡಲೇಬೇಕು. ನನ್ನದು ಅಕ್ಕನ ಮನೆಗೆ ತಾಗಿಕೊಂಡು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ, ಅದರ ಪಕ್ಕದಲ್ಲಿ ಔಷಧಿ ಅಂಗಡಿ. ಅಲ್ಲಿ ನಿಂತು ಭಾವ, ನಮ್ಮ ಮನೆಯಲ್ಲಿ ಚಿಕಿತ್ಸೆ ಎಂದರೆ ಕಾಟಾಚಾರಕ್ಕಲ್ಲ, ಎಲ್ಲ ರೂಲ್ಸ್ ಪ್ರಕಾರ ನಡೆಯುತ್ತದೆ ಎಂದು ಭಾಷಣ ಮಾಡುತ್ತಿದ್ದರು. ಔಷಧಿ ಅಂಗಡಿಯವನಿಗೆ ಬೇರೆ ಕೆಲಸವಿರಲಿಲ್ಲ. ಆ ಹುಡುಗಿಯ ಲೈಸೆನ್ಸು ಆಚೆ ರಾಜ್ಯದ್ದಲ್ಲವೇ, ಈಚೆ ನಡೆಯುತ್ತದೆಯೇ ಎಂದು ತಮಾಷೆಗೆ ಕೇಳಿದ. ಭಾವನ ಮುಖದ ಬಣ್ಣ ಇಳಿಯಿತು. ಅವನು ನಗೆಯಾಡಿದ್ದು, ಬಿಟ್ಟುಬಿಡಿ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

"ಟಿಕೆಟ್ ಇಲ್ಲದ ಪ್ರಯಾಣ ಕಣೋ ಇದು. ನಾಳೆ ಚೆಕಿಂಗ್ ಬಂದ್ರೆ ಸಿಕ್ಕಿಹಾಕ್ಕೊಳ್ಳೋದು ಆ ಮಗು. ಒಂದು ಮಾತು ಕೇಳಿಬಿಡೋಣ, ಮನಸ್ಸಿಗೆ ಸಮಾಧಾನ," ಎಂದರು.

ಹುಡುಗಿಗೆ ಒಳ್ಳೆಯದಾಗಲಿ ಎಂಬುದೇ ಅವರ ಉದ್ದೇಶ ಎನ್ನುವುದನ್ನು ನಾನು ಯಾವ ಕೋರ್ಟಿನಲ್ಲಾದರೂ ಹೇಳಲು ಸಿದ್ಧ. ಆದರೆ ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವವರ ಉದ್ದೇಶ ಸಾಮಾನ್ಯವಾಗಿ ಒಳ್ಳೆಯದೇ ಇರುತ್ತದೆ.

ಚಿಕಿತ್ಸೆ ಮಾಡುವವರನ್ನು ನೋಂದಾಯಿಸುವ ನಮ್ಮ ರಾಜ್ಯದ ಕಚೇರಿಯಲ್ಲಿ ಒಬ್ಬ ಬಿಳಿ ಮೀಸೆಯ ಅಧಿಕಾರಿ ಇದ್ದರು. ಭಾವ ಕೇಳಿದ್ದನ್ನು ಅವರು ಕೊನೆಯವರೆಗೂ ಕೇಳಿಸಿಕೊಂಡರು. ಅವರ ಮುಖದಲ್ಲಿ ನಿಜವಾದ ದುಃಖ ಕಂಡಿತು ಎಂದು ಭಾವ ಇವತ್ತಿಗೂ ಹೇಳುತ್ತಾರೆ.

"ಯಜಮಾನ್ರೇ, ನೀವು ಕೇಳೋವರೆಗೂ ಇದು ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ನಾವು ಜವಾಬ್ದಾರರಲ್ಲ. ಈಗ ಗೊತ್ತಾಗೋಯ್ತು."

ಈ ರಾಜ್ಯದಲ್ಲಿ ನೋಂದಣಿಯಾಗದವರು ಈ ರಾಜ್ಯದ ನೆಲದ ಮೇಲೆ ಯಾವ ಕಾಲನ್ನೂ ಮಡಿಸುವಂತಿಲ್ಲ. ಹುಡುಗಿ ಅರ್ಜಿ ಹಾಕಲಿ, ಮೀಟಿಂಗ್ ಆದಾಗ ನೋಡೋಣ, ಅಲ್ಲಿಯವರೆಗೆ ನಿಲ್ಲಿಸಿ ಎಂದರು. ಭಾವ ಗಾಬರಿಯಾಗಿ, ಹಾಗಾದರೆ ನಾನು ಕೇಳಲೇ ಇಲ್ಲ ಅಂದುಕೊಳ್ಳಿ ಎಂದು ಬೇಡಿಕೊಂಡರು. ಕೇಳಿದ್ದನ್ನು ಕೇಳಲಿಲ್ಲ ಎಂದು ಮಾಡುವ ನಿಯಮ ನಮ್ಮಲ್ಲಿ ಇಲ್ಲವಲ್ಲ ಎಂದು ಅಧಿಕಾರಿ ಮತ್ತಷ್ಟು ದುಃಖಪಟ್ಟರು.

ಭಾವ ಅಲ್ಲಿಗೂ ಬಿಡಲಿಲ್ಲ. ರಾಜ್ಯದ ಮೇಲೆ ಕೇಂದ್ರ ಉಂಟಲ್ಲ ಎಂದು ರೈಲು ಹತ್ತಿ ಕೇಂದ್ರದ ಕಚೇರಿಗೆ ಹೋದರು. ಫಿಸಿಯೋ ಆಗುವವರು ಏನು ಓದಬೇಕು ಎಂದು ಹೇಳುವುದಷ್ಟೇ ನಮ್ಮ ಕೆಲಸ, ಓದಿ ಮುಗಿಸಿದವರು ಯಾವ ಬಾಗಿಲು ದಾಟಬೇಕು ಎಂಬುದು ರಾಜ್ಯಕ್ಕೆ ಬಿಟ್ಟದ್ದು ಎಂದು ಅಲ್ಲಿಯವರು ಕಾಫಿ ಕೊಟ್ಟು ಕಳಿಸಿದರು. ಆಚೆ ರಾಜ್ಯದ ಕಚೇರಿಯಲ್ಲಂತೂ ವಿಪರೀತ ಮರ್ಯಾದೆ. ಚಿಕಿತ್ಸೆ ಎಲ್ಲಿ ನಡೆಯಿತು ಎಂದರೆ ರೋಗಿ ಎಲ್ಲಿದ್ದರೋ ಅಲ್ಲಿ. ತಮ್ಮ ಮನೆಯವರು ನಮ್ಮ ನೆಲಕ್ಕೆ ಬಂದರೆ ನಮ್ಮ ಹುಡುಗಿ ಎಷ್ಟು ಬೇಕಾದರೂ ಮಡಿಸಲಿ, ನಮ್ಮದೇನೂ ಅಭ್ಯಂತರವಿಲ್ಲ ಎಂದರು. ಹೀಗೆ ಮೂರು ಸರ್ಕಾರಗಳನ್ನು ಪ್ರದಕ್ಷಿಣೆ ಹಾಕಿ ಭಾವ ಬರಿಗೈಯಲ್ಲಿ ಬಂದರು. ಅಷ್ಟರಲ್ಲಿ ವಿಷಯ ಹುಡುಗಿಯ ಆಸ್ಪತ್ರೆಗೂ ಮುಟ್ಟಿತ್ತು.

ಅವಳದು ಹೊಸ ಕೆಲಸ. ಲೈಸೆನ್ಸು ಹೋದರೆ ಬದುಕೇ ಹೋಯಿತು. ಅವತ್ತು ಸಂಜೆ ಹೊಸ್ತಿಲಾಚೆ ನಿಂತು, ಒಳಗೆ ಬರಲಾರೆ ಆಂಟಿ, ಕ್ಷಮಿಸಿ ಎಂದು ಕಣ್ಣೊರೆಸಿಕೊಂಡು ಹೊರಟುಹೋದಳು. ಅಕ್ಕ ಮಂಚದ ಮೇಲಿಂದ ಭಾವನನ್ನು ನೋಡಿದಳು.

"ಕೇಳಿ ಅಂತ ನಿಮಗೆ ಯಾರು ಹೇಳಿದ್ರು?"

ಅದಾದ ಮೇಲೆ ಅವಳು ಅವರೊಂದಿಗೆ ಮಾತು ಬಿಟ್ಟಳು. ಮತ್ತೆ ಗೋಡೆಗೆ ತಿರುಗಿದಳು. ಅಂದಿನಿಂದ ಅವರಿಬ್ಬರ ನಡುವಿನ ಸಂಪರ್ಕ ಇಲಾಖೆ ನಾನೇ. ಭಾವ ಮಂಚದ ಕಾಲ ಬಳಿಯೇ ಕೂತಿದ್ದರೂ, ನಿಮ್ಮ ಭಾವನಿಗೆ ಹೇಳು, ನೀರು ಬೇಕು ಎಂದು ಅಕ್ಕ ನನಗೆ ಹೇಳುವಳು. ನಾನು ತಿರುಗಿ, ಭಾವ, ನೀರು ಬೇಕಂತೆ ಎನ್ನುವೆ. ಅವರು ಆಗಲೇ ಲೋಟ ಹಿಡಿದು ನಿಂತಿರುವರು. ಅಂಗಡಿಗೆ ಗಿರಾಕಿ ಬಂದರೆ ಇವರ ಮಾತುಕತೆ ನಿಂತುಹೋಗುತ್ತಿತ್ತು. ತಮಾಷೆ ಮಾಡುತ್ತಿದ್ದೇನೆ ನಿಜ, ಆದರೆ ಆ ಮನೆಯ ಮೌನ ನನಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. ದಿನ ಕಳೆದಂತೆ ಅಕ್ಕನ ಕಾಲು ಮತ್ತೆ ಸೆಟೆಯತೊಡಗಿತು.

ಭಾವ ತಾವೇ ಚಿಕಿತ್ಸೆಗೆ ಇಳಿದದ್ದೂ ಆಯಿತು. ಹುಡುಗಿ ಮಾಡುವುದನ್ನು ನೋಡಿದ್ದೇನಲ್ಲ ಎಂದು ಕಾಲು ಹಿಡಿದರು. ಹಿಡಿದದ್ದು ಒಳ್ಳೆಯ ಕಾಲನ್ನು. ಅದು ಒಳ್ಳೆಯದಾಗಿದ್ದರಿಂದ ಅವರ ಎದೆಗೆ ಚೆನ್ನಾಗಿಯೇ ಬಿತ್ತು.

ಆಮೇಲೆ ಹುಡುಗಿಯೇ ಒಂದು ಉಪಾಯ ಮಾಡಿದಳು. ಅಕ್ಕನ ಮಂಚವನ್ನು ಕಿಟಕಿಯ ಹತ್ತಿರಕ್ಕೆ ಎಳೆಸಿ, ತಾನು ತನ್ನ ಮನೆಯ ಮಹಡಿಯಲ್ಲಿ ನಿಂತು, ಎಡಗಾಲು ಎತ್ತಿ, ಹಿಡೀರಿ, ಬಿಡಿ ಎಂದು ಕೂಗಿ ಹೇಳತೊಡಗಿದಳು. ಬೀದಿಗೆ ಬೀದಿಯೇ ಕಾಲೆತ್ತಿತು. ತರಕಾರಿ ಗಾಡಿಯವನಿಗೆ ಹಳೆಯ ಮಂಡಿನೋವು ಹೋಯಿತಂತೆ. ಅತ್ತೆಯ ದೂರುಗಳನ್ನು ಮಾತ್ರ ಕೂಗಿ ಹೇಳುವಂತಿರಲಿಲ್ಲ, ಹಾಗಾಗಿ ಅಕ್ಕನಿಗೆ ನೋವು ಪೂರ್ತಿ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಬಿಳಿ ಮೀಸೆಯ ಅಧಿಕಾರಿ ಸ್ಥಳ ಪರಿಶೀಲನೆಗೆ ಬಂದರು. ಬೀದಿಯಲ್ಲಿ ನಿಂತು ಸ್ವಲ್ಪ ಹೊತ್ತು ಯೋಚಿಸಿದರು. ಧ್ವನಿ ಹುಟ್ಟಿದ್ದು ಅಲ್ಲಿ, ಆದರೆ ಕಾಲು ಎದ್ದದ್ದು ಇಲ್ಲಿ, ಆದ್ದರಿಂದ ಇದೂ ಇಲ್ಲಿಯ ಚಿಕಿತ್ಸೆಯೇ ಎಂದು ತೀರ್ಪು ಕೊಟ್ಟರು. ತರಕಾರಿಯವನನ್ನು ನೀನು ಯಾವ ರಾಜ್ಯದ ರೋಗಿ ಎಂದು ವಿಚಾರಿಸಿದರು. ಅವನು ತಕ್ಕಡಿ ಗಾಡಿಯೊಳಗಿಟ್ಟು ಮೆಲ್ಲಗೆ ತಳ್ಳಿಕೊಂಡು ಹೋದ.

ಇನ್ನು ಉಳಿದದ್ದು ಒಂದೇ ದಾರಿ. ಹುಡುಗಿ ಈಚೆ ಬರುವಂತಿಲ್ಲದಿದ್ದರೆ ಅಕ್ಕ ಆಚೆ ಹೋಗಬೇಕು. ಎದುರು ಮನೆಯ ಜಗಲಿಯಲ್ಲಿ ಚಾಪೆ ಹಾಸಿ ಹುಡುಗಿ ಕಾಯುತ್ತಿದ್ದಳು. ಭಾವ ಒಂದು ಗಟ್ಟಿ ಕುರ್ಚಿ ತಂದು ಅಕ್ಕನನ್ನು ಕೂರಿಸಿದರು. ಭಾವ, ನಾನು, ಔಷಧಿ ಅಂಗಡಿಯವನು, ಮತ್ತೆ ಧೈರ್ಯ ತಂದುಕೊಂಡ ತರಕಾರಿಯವನು, ಮೂಲೆಗೊಬ್ಬರಂತೆ ಎತ್ತಿದೆವು. ಬಾಗಿಲು ದಾಟಿ ಬೀದಿಗೆ ಇಳಿದಿದ್ದೆವಷ್ಟೆ. ಅಕ್ಕಪಕ್ಕದವರೆಲ್ಲ ಹೊರಗೆ ಬಂದು ದಾರಿಯ ಎರಡೂ ಬದಿ ಸಾಲಾಗಿ ನಿಂತರು.

"ಇಳಿಸೋ," ಎಂದಳು ಅಕ್ಕ. "ಬದುಕಿರುವಾಗಲೇ ನಾಲ್ಕು ಜನ ಹೊರೋದು ಬೇಡ."

ಕುರ್ಚಿ ಕೆಳಗಿಟ್ಟೆವು. ಅವಳು ವಾಕರ್ ತರಿಸಿಕೊಂಡು ಹಲ್ಲು ಕಚ್ಚಿ ಎದ್ದಳು. ಮೈಯೆಲ್ಲ ನಡುಗುತ್ತಿತ್ತು. ಭಾವ ಹಿಡಿಯಲು ಹೋದರು. ಅವಳು ಅವರ ಕಡೆ ನೋಡದೆ ನನಗೆ ಹೇಳಿದಳು.

"ನಿಮ್ಮ ಭಾವಂಗೆ ಹೇಳು. ಗೆರೆ ಅಂದ್ರೆ ಅಷ್ಟು ಪ್ರೀತಿ ಅಲ್ವಾ, ಗೆರೆ ಹತ್ರಾನೇ ನಿಂತ್ಕೊಂಡಿರಲಿ. ಆಚೆ ಕಾಲಿಡೋದು ಬೇಡ."

ನಾನು ಆ ಮಾತನ್ನು ದಾಟಿಸುವ ಅಗತ್ಯವಿರಲಿಲ್ಲ. ಭಾವ ಹೋಗಿ ಬೀದಿಯ ನಡುವೆ ನಿಂತರು.

ಅವತ್ತು ಅಕ್ಕ ನಾಲ್ಕು ಹೆಜ್ಜೆ ಹಾಕಿ ಕುರ್ಚಿಗೆ ಕುಸಿದಳು. ಮರುದಿನ ಇನ್ನೊಂದಿಷ್ಟು. ಅಕ್ಕ ಹೆಜ್ಜೆ ಹಾಕುವಾಗ ಹುಡುಗಿ ಆಚೆಯಿಂದ ಎರಡೂ ಕೈ ಚಾಚಿ ನಿಲ್ಲುತ್ತಿದ್ದಳು, ಆದರೆ ಎಲ್ಲಿಯವರೆಗೆ ಬರಬಹುದು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಬರೀ ಕೈ ಮಾತ್ರ ಈಚೆ ಬಂದರೆ ನಡೆದೀತೇ ಎಂದು ನಾನು ಅಧಿಕಾರಿಯನ್ನು ಕೇಳಿದೆ. ಕೇಳುವ ರೋಗ ನನಗೂ ಅಂಟಿತ್ತು. ಕೈಯೂ ಲೈಸೆನ್ಸಿನ ಒಳಗೇ ಬರುತ್ತದೆ ಎಂದರು. ಹಾಗಾದರೆ ಗಡಿ ಸರಿಯಾಗಿ ಎಲ್ಲಿದೆ ತೋರಿಸಿ ಎಂದು ಭಾವ ಹಟ ಹಿಡಿದಾಗ, ಈಚೆಯಿಂದ ಅವರು, ಆಚೆಯಿಂದ ಇನ್ನೊಬ್ಬರು, ಟೇಪು ಹಿಡಿದುಕೊಂಡು ಬಂದರು.

ರಾಜ್ಯಗಳು ನೆಲಕ್ಕಾಗಿ ಜಗಳವಾಡುವುದನ್ನು ನೀವು ಕೇಳಿರುತ್ತೀರಿ. ನಮ್ಮ ಬೀದಿಯಲ್ಲಿ ನಡೆದ ಜಗಳ ಬೇರೆ ಥರದ್ದು. ರೋಗಿ ನಡುಬೀದಿಯಲ್ಲಿ ಬಿದ್ದರೆ ಉತ್ತರ ಕೊಡಬೇಕಾದವರು ಯಾರು ಎಂಬ ಪ್ರಶ್ನೆ ಇಬ್ಬರಿಗೂ ಹೊಳೆದಿತ್ತು. ಈ ಜಾಗ ನಿಮ್ಮದೇ ಎಂದು ಇವರು, ಛೇ, ಎಲ್ಲಾದರೂ ಉಂಟೇ, ಇದು ನಿಮ್ಮದೇ ಎಂದು ಅವರು. ಒಬ್ಬರನ್ನೊಬ್ಬರು ಮೀರಿಸುವ ಔದಾರ್ಯದಲ್ಲಿ ಇಬ್ಬರೂ ಹಿಂದೆ ಹಿಂದೆ ಸರಿದು, ಕೊನೆಗೆ ಮಧ್ಯದಲ್ಲಿ ಒಂದು ಮಂಚದಗಲದ ನೆಲ ಯಾರಿಗೂ ಸೇರದೆ ಉಳಿಯಿತು. ಭಾವನಿಗೆ ಸಿಟ್ಟು ಬಂದದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ. ನನ್ನ ಅಂಗಡಿಯಿಂದ ಸೀಮೆಸುಣ್ಣ ತಂದು, ಆ ಖಾಲಿ ನೆಲವೆಲ್ಲ ಆಚೆಗೆ ಸೇರುವಂತೆ, ನಮ್ಮ ಕಡೆಗೆ ಒತ್ತಿ ಒಂದು ಗೆರೆ ಎಳೆದರು. ಹುಡುಗಿ ಇಲ್ಲಿವರೆಗೆ ಬರಲಿ, ಏನಾದರೂ ಆದರೆ ನನ್ನನ್ನು ಹಿಡಿದುಕೊಂಡು ಹೋಗಿ ಎಂದರು. ಜೀವಮಾನವಿಡೀ ಗಡಿ ಕಾಯ್ದ ಮನುಷ್ಯ ಹೆಂಡತಿಗಾಗಿ ಸ್ವಂತ ರಾಜ್ಯದ ನೆಲ ಬಿಟ್ಟುಕೊಟ್ಟರು. ಇಬ್ಬರು ಅಧಿಕಾರಿಗಳೂ ಟೇಪು ಸುತ್ತಿಕೊಂಡು ಬೇರೆ ಕಡೆ ನೋಡಿದರು.

ಅಕ್ಕ ಆ ಗೆರೆ ಮುಟ್ಟಿದ ದಿನ ಒಂದು ಲಾರಿಯವನು ಹಾರ್ನ್ ಹೊಡೆಯತೊಡಗಿದ. ಔಷಧಿ ಅಂಗಡಿಯವನು ಲಾರಿಯ ಮುಂದೆ ಕೈ ಕಟ್ಟಿ ನಿಂತ. ಒಂದು ಹೆಜ್ಜೆ, ವಾಕರ್, ಇನ್ನೊಂದು ಹೆಜ್ಜೆ. ಗೆರೆಯ ಹತ್ತಿರ ಅವಳು ಒಮ್ಮೆ ವಾಲಿದಳು. ಭಾವ ಪಕ್ಕದಲ್ಲೇ ಇದ್ದರು, ಕೈ ಎತ್ತಿದರು, ಮುಟ್ಟಲಿಲ್ಲ. ಅವಳು ತಾನೇ ಸಾವರಿಸಿಕೊಂಡು ಕಾಲು ಆಚೆ ಇಟ್ಟಳು. ಹುಡುಗಿ ಅವಳನ್ನು ತಬ್ಬಿ ಹಿಡಿದಳು. ಲಾರಿಯವನು ಹಾರ್ನ್ ನಿಲ್ಲಿಸಿ ಇಳಿದು ಬಂದು ಏನಾಯಿತು ಎಂದು ಕೇಳಿದ.

ಭಾವ ನೇರವಾಗಿ ನನ್ನ ಅಂಗಡಿಯೊಳಗೆ ಬಂದು ಕಟ್ಟು ಹಾಕದ ಫೋಟೋಗಳ ಮಧ್ಯೆ ಕೂತುಕೊಂಡು ಅತ್ತರು. "ನಾನು ಅವಳ ಕಾಲೇ ಕಿತ್ಕೊಂಡುಬಿಡ್ತಿದ್ದೆ ಕಣೋ," ಎಂದರು. ಗಾಜು ಒರೆಸುವ ಬಟ್ಟೆ ಕೊಟ್ಟೆ.

ಆಮೇಲೆ ಅದೇ ದಿನಚರಿಯಾಯಿತು. ಸಂಜೆಯಾದರೆ ಅಕ್ಕ ಹೊರಡುವಳು. ಭಾವ ಅವಳ ಹಿಂದೆ ಗೆರೆಯವರೆಗೆ ಹೋಗಿ, ಅವಳು ವಾಪಸು ಬರುವವರೆಗೆ ನೀರಿನ ಬಾಟಲಿ ಹಿಡಿದು ಅಲ್ಲೇ ನಿಲ್ಲುವರು. ಚಳಿ ಬಿದ್ದಾಗ ಮಫ್ಲರ್ ಸುತ್ತಿಕೊಂಡು ನಿಂತರು. ಗೆರೆ ಅಳಿಸಿದರೆ ಮತ್ತೆ ಎಳೆಯುವರು. ಎದುರು ಜಗಲಿಯಿಂದ ನಗು ಕೇಳಿಸುತ್ತಿತ್ತು, ಆದರೆ ಅಕ್ಕ ಅವರಿಗೆ ಒಂದು ಮಾತೂ ಹೇಳುತ್ತಿರಲಿಲ್ಲ. ವಾಕರ್ ಹೋಗಿ ಕೋಲು ಬಂತು.

ಒಂದು ಸಂಜೆ ಬಿಳಿ ಮೀಸೆಯ ಅಧಿಕಾರಿ ತಾವೇ ನಡೆದುಕೊಂಡು ಬಂದರು. ಮೀಟಿಂಗ್ ಆಯಿತು, ಹುಡುಗಿಯ ನೋಂದಣಿಯಾಯಿತು, ನಾಳೆಯಿಂದ ಅವಳು ನಿಮ್ಮ ಮನೆಗೇ ಬಂದು ಚಿಕಿತ್ಸೆ ಮಾಡಬಹುದು ಎಂದು ಹೇಳುವಾಗ ಅವರ ಮೀಸೆಯ ಕೆಳಗೆ ನಗು ಇತ್ತು. ಪಾಪ, ಆ ಸುದ್ದಿಯನ್ನು ಕಚೇರಿಯಿಂದ ಕಳಿಸಿದರೂ ಆಗುತ್ತಿತ್ತು. ರೋಗಿ ಎಲ್ಲಿ ಎಂದು ಕಿಟಕಿಯೊಳಗೆ ಇಣುಕಿದರು. ಮಂಚ ಖಾಲಿಯಾಗಿತ್ತು.

"ಹೊರರಾಜ್ಯಕ್ಕೆ ಹೋಗಿದ್ದಾಳೆ ಸಾರ್," ಎಂದೆ ನಾನು.

ಅಕ್ಕ ಎದುರು ಜಗಲಿಯಲ್ಲಿ ಹುಡುಗಿಯ ಅತ್ತೆಯ ಜೊತೆ ಕೂತಿದ್ದಳು. ನಮ್ಮನ್ನು ಕಂಡು ಕೋಲು ಊರಿ ಎದ್ದು, ಮೆಟ್ಟಿಲಿಳಿದು, ಬೀದಿಯಲ್ಲಿ ನಡೆದುಕೊಂಡು ಬಂದು ಗೆರೆಯ ಆಚೆ ನಿಂತಳು. ಅಧಿಕಾರಿ ಸುದ್ದಿಯನ್ನು ಇನ್ನೊಮ್ಮೆ ಹೇಳಿದರು. ಅವಳು ಅವರಿಗೆ ತುಂಬಾ ಉಪಕಾರವಾಯಿತು ಎಂದಳು. ಹುಡುಗಿ ಬೇರೆಯವರ ಮನೆಗೆ ಬರಲಿ, ನಮ್ಮ ಸಾಲಿನಲ್ಲಿ ಸೊಂಟ ಇರುವವರು ಎಷ್ಟೋ ಜನ ಇದ್ದಾರೆ, ನನ್ನ ಮನೆಗೆ ಬಂದರೆ ನಾನು ಮತ್ತೆ ಮಲಗಿಬಿಡುತ್ತೇನೆ ಎಂದಳು. ಅಲ್ಲದೆ ಇಷ್ಟು ದಿನ ಸೊಸೆಯ ಕಡೆಯ ಕಥೆ ಮಾತ್ರ ಕೇಳಿದ್ದೆ, ಈಗ ಅತ್ತೆಯ ಕಡೆಯದು ಶುರುವಾಗಿದೆ, ಅದನ್ನು ಅರ್ಧಕ್ಕೆ ಬಿಡುವಂತಿಲ್ಲ ಎಂದಳು.

ಆಮೇಲೆ ಭಾವನ ಕಡೆ ತಿರುಗಿದಳು. ಅವರು ಬಾಟಲಿ ಹಿಡಿದು, ಚಪ್ಪಲಿಯ ತುದಿ ಗೆರೆಗೆ ತಾಗದಂತೆ ನಿಂತಿದ್ದರು. ನಿಮ್ಮ ಭಾವನಿಗೆ ಹೇಳು ಎನ್ನುತ್ತಾಳೆ ಎಂದು ನಾನು ಅಭ್ಯಾಸಬಲದಿಂದ ಮುಂದೆ ಬಂದೆ. ಅವಳು ನನ್ನನ್ನು ನೋಡಲೇ ಇಲ್ಲ.

"ಏನ್ರೀ," ಎಂದಳು. "ಅಲ್ಲೇ ಯಾಕೆ ನಿಂತಿದ್ದೀರಿ? ಬನ್ನಿ, ಬೀದಿ ಕೊನೆವರೆಗೂ ಹೋಗಿ ಬರೋಣ."

ಭಾವನಿಗೆ ಅದು ತಮಗೇ ಹೇಳಿದ್ದು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಬಾಟಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

"ದಾಟಿ ಬರಬಹುದಾ?" ಎಂದರು.

ಅಧಿಕಾರಿ ಗಂಟಲು ಸರಿಮಾಡಿಕೊಂಡು, ತೋರುಬೆರಳು ಎತ್ತಿ, ನೋಡಿ ಯಜಮಾನ್ರೇ ಎಂದು ಶುರುಮಾಡಿದರು.

"ಸಾರ್," ಎಂದಳು ಅಕ್ಕ, "ಅವರು ಕೇಳಿದ್ದು ನಿಮ್ಮನ್ನಲ್ಲ, ನನ್ನನ್ನ."

ಅಧಿಕಾರಿ ಬೆರಳು ಇಳಿಸಿದರು. ಅಕ್ಕ ಕೋಲನ್ನು ಎಡಗೈಗೆ ತೆಗೆದುಕೊಂಡು ಬಲಗೈ ಚಾಚಿದಳು.